ಬಿ.ಸಿ.ರೋಡಿನ ಅದೇ ರಸ್ತೆ, ಕೆರೆಗಳ ನಾಡಿನ ತನಕ

"ಕೋಲಾರದಲ್ಲಿ ಎಂತ ಉಂಟು ನೋಡ್ಲಿಕ್ಕೆ? ಅದು ಬರಗಾಲದ ಊರಲ್ವಾ?"

ಕಳೆದ ದಸರಾ ರಜೆಯಲ್ಲಿ ನಾವು ಮೂರು ಮನೆಯವರು ಸೇರಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೊರಟಾಗ ಕುಟುಂಬದ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಇದು. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ರಜೆ ಎಂದರೆ ನಮ್ಮ ಮನೆಗಳಲ್ಲಿ ಊಟಿ, ಮಡಿಕೇರಿ, ಮುನ್ನಾರ್, ಇಲ್ಲದಿದ್ದರೆ ಬೆಂಗಳೂರಿನ ಮಾಲ್. ಗಲ್ಫ್‌ನಿಂದ ಮೂವತ್ತು ದಿನದ ರಜೆಯಲ್ಲಿ ಬಂದ ಉಪ್ಪ ಅದರಲ್ಲಿ ಎರಡು ದಿನವನ್ನು ರೆಸಾರ್ಟ್‌ಗೆ ಕೊಡುತ್ತಾರೆ, ಮೂರನೇ ದಿನ ಬಿಲ್ ನೋಡಿ ಸುಮ್ಮನಾಗುತ್ತಾರೆ. ವಯಸ್ಸಾದ ಉಮ್ಮಂದಿರು ಹೆಚ್ಚಾಗಿ ಮನೆಯಲ್ಲೇ ಉಳಿಯುತ್ತಾರೆ. "ನೀವು ಹೋಗಿ ಬನ್ನಿ, ನನಗೆ ಕಾಲು ನೋವು" ಎಂಬ ಮಾತು ಕೇಳದ ಮನೆ ಯಾವುದು?

ಈ ಸಲ ಉಮ್ಮಂದಿರನ್ನೂ ಕರೆದುಕೊಂಡೇ ಹೋಗುವುದೆಂದು ನಾವು ತೀರ್ಮಾನ ಮಾಡಿದೆವು. ದಾರಿ ಹುಡುಕುವ ಕಷ್ಟವೇ ಇಲ್ಲ. ನಮ್ಮ ಬಿ.ಸಿ.ರೋಡ್ ಬಳಿ ಶುರುವಾಗುವ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿ ಹತ್ತಿ, ಹಾಸನ ದಾಟಿ, ಬೆಂಗಳೂರು ಹಾದು ಮುಂದೆ ಕೋಲಾರ, ಮುಳಬಾಗಿಲಿನ ಮೂಲಕವೇ ತಮಿಳುನಾಡಿನ ವೆಲ್ಲೂರಿಗೆ ಹೋಗುತ್ತದೆ. ಕಲ್ಲಡ್ಕದಲ್ಲಿ ಚಾ ಕುಡಿದ ರಸ್ತೆಯಲ್ಲೇ ಮುಂದೆ ಮುಂದೆ ಹೋದರೆ ಸಾಕು. ನಾನೂರು ಕಿಲೋಮೀಟರ್ ಆಸುಪಾಸು. ಬೆಂಗಳೂರಿನಲ್ಲಿ ಒಂದು ರಾತ್ರಿ ನಿಂತು ಹೋದರೆ ಹಿರಿಯರಿಗೆ ಆಯಾಸ ಆಗುವುದಿಲ್ಲ.

ಬೆಂಗಳೂರಿನ ಗಲಾಟೆ ಮುಗಿದ ಮೇಲೆ ನೆಲದ ರೂಪವೇ ಬೇರೆ. ನಮ್ಮ ಘಟ್ಟದ ಹಾಗೆ ಹಸಿರು ಗೋಡೆ ಇಲ್ಲ. ಬಯಲಿನ ಮಧ್ಯೆ ಯಾರೋ ಕಲ್ಲು ಪೇರಿಸಿಟ್ಟ ಹಾಗೆ ಬಂಡೆ ಬೆಟ್ಟಗಳು, ಅವುಗಳ ಬುಡದಲ್ಲಿ ಕೆರೆ. ಒಂದು ಕೆರೆ ಕಣ್ಣಿಂದ ಮರೆಯಾಗುವ ಮೊದಲೇ ಇನ್ನೊಂದು. ಕೋಲಾರ ಜಿಲ್ಲೆಯಲ್ಲಿ ಇಂಥ ಕೆರೆಗಳು ಎರಡು ಸಾವಿರಕ್ಕೂ ಹೆಚ್ಚು. ಒಂದೂ ತಾನಾಗಿ ಆದದ್ದಲ್ಲ, ಮನುಷ್ಯರು ಕಟ್ಟಿದ್ದು.

ಇದನ್ನು ಮಕ್ಕಳಿಗೆ ತೋರಿಸಬೇಕೆಂದೇ ನಾವು ಹೋದದ್ದು. ಮಂಗಳೂರು ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುತ್ತದೆ. ಕೋಲಾರದಲ್ಲಿ ಸುಮಾರು ಏಳುನೂರೈವತ್ತು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಎಂದು ಹೆಸರುಗಳುಂಟು, ನೀರು ಮಳೆಗಾಲದಲ್ಲಿ ಮಾತ್ರ. ಹಾಗಾಗಿ ಅಲ್ಲಿನವರು ಬಿದ್ದ ಮಳೆಯನ್ನು ಹಿಡಿದಿಟ್ಟರು. ತಗ್ಗಿಗೆ ಅಡ್ಡವಾಗಿ ಮಣ್ಣಿನ ಏರಿ. ಗದ್ದೆಗೆ ನೀರು ಬಿಡಲು ತೂಬು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹೊರಗೆ ಹೋಗಲು ಕೋಡಿ. ಮೇಲಿನ ಕೆರೆ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಇಳಿದು ಕೆಳಗಿನ ಊರಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದ್ದಕ್ಕೆ. ಸರಪಳಿಯ ಹಾಗೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಎಂಬವನೇ ಇದ್ದ. ಮೇಲಿನ ಊರಿನವರು ಕಾಲುವೆ ಮುಚ್ಚಿದರೆ ಕೆಳಗಿನ ಊರಿಗೆ ನೀರಿಲ್ಲ. ಅಷ್ಟೇ ಲೆಕ್ಕ.

ನಮ್ಮ ಮಕ್ಕಳಿಗೆ ಇದು ಹೊಸತು. ಮಳೆ ಬರುತ್ತದೆ, ತೋಡು ತುಂಬುತ್ತದೆ, ಹೊಳೆಗೆ ಹೋಗುತ್ತದೆ, ಸಮುದ್ರ ಸೇರುತ್ತದೆ. ನಮ್ಮಲ್ಲಿ ಯಾರೂ ತಡೆಯುವವರಿಲ್ಲ. ಹಾಗಿದ್ದೂ 2019ರ ಮೇ ತಿಂಗಳಲ್ಲಿ ತುಂಬೆಯ ನೀರು ತಳ ಕಂಡು, ಮಂಗಳೂರಿನ ನಲ್ಲಿಗಳಿಗೆ ಪಾಳಿ ಮೇಲೆ ನೀರು ಬಿಟ್ಟದ್ದು ನೆನಪಿದೆ ತಾನೆ? ಇಷ್ಟು ಮಳೆ ಬೀಳುವ ಊರಿನ ನಾವು ಟ್ಯಾಂಕರ್‌ಗೆ ಫೋನ್ ಮಾಡುತ್ತಾ ಕೂತಿದ್ದೆವು.

ಕೋಲಾರದವರೇನೂ ಎಲ್ಲ ಸರಿ ಮಾಡಿದ್ದಾರೆಂದಲ್ಲ. ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಒತ್ತುವರಿಯಾದವು, ಎಲ್ಲೆಲ್ಲೂ ನೀಲಗಿರಿ ನೆಟ್ಟರು, ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆದರು. ಆಮೇಲೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂತು. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ತಂದು ನರಸಾಪುರ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತಾ ನೂರಕ್ಕೂ ಹೆಚ್ಚು ಕೆರೆ ತುಂಬಿಸುವ ಯೋಜನೆ. ಅಂತರ್ಜಲ ಏರಲಿ ಎಂಬುದು ಉದ್ದೇಶ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಜಿಲ್ಲೆಯ ಹೋರಾಟಗಾರರು ಕೇಳುತ್ತಲೇ ಇದ್ದಾರೆ, ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಇದನ್ನು ಹೇಳುವುದಕ್ಕೆ ಕಾರಣ ಉಂಟು. ಕೆರೆ ಕಂಡ ಕೂಡಲೇ ನಮ್ಮವರು ವುಝೂ ಮಾಡಲು ಇಳಿಯುತ್ತಾರೆ, ಮಕ್ಕಳು ಈಜಲು ಇಳಿಯುತ್ತಾರೆ. ಎರಡೂ ಬೇಡ. ಕರ್ಮಶಾಸ್ತ್ರದ ಚರ್ಚೆಯನ್ನು ಉಸ್ತಾದರಿಗೆ ಬಿಡೋಣ, ಕ್ಯಾನಿನಲ್ಲಿ ನೀರು ಇಟ್ಟುಕೊಂಡು ಹೋಗೋಣ. ಕುಡಿಯಲು ಕೂಡ ಶುದ್ಧೀಕರಿಸಿದ ನೀರೇ ಇರಲಿ, ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು.

ಈಜುವ ಮಾತು ಬಂದದ್ದರಿಂದ ನಮಗಾದ ಒಂದು ಹೆದರಿಕೆಯನ್ನೂ ಹೇಳಿಬಿಡುತ್ತೇವೆ. ಎರಡನೇ ದಿನ ಸಂಜೆ ಒಂದು ಕೆರೆ ಏರಿಯ ಮೇಲೆ ಚಾಪೆ ಹಾಸಿ, ಮನೆಯಿಂದ ತಂದ ನೈಪತ್ತಿರ್ ಬಿಚ್ಚಿದ್ದೆವು. ತಂಪು ಗಾಳಿ, ಬೆಳ್ಳಕ್ಕಿಗಳ ಸಾಲು, ನೀರಿನಲ್ಲಿ ಬೆಟ್ಟದ ನೆರಳು. ಉಮ್ಮಂದಿರು ಕಾಲು ಚಾಚಿ ಕೂತು, ಹಳೆ ಮದುವೆಗಳ ಸುದ್ದಿ ತೆಗೆದಿದ್ದರು. ನಮ್ಮ ಹತ್ತು ವರ್ಷದ ಹುಡುಗ ಮೀನು ನೋಡುತ್ತೇನೆಂದು ಅಂಚಿಗೆ ಇಳಿದದ್ದು ಯಾರಿಗೂ ಗೊತ್ತಾಗಲಿಲ್ಲ. ಮೊಣಕಾಲು ನೀರು, ಏನಾಗುತ್ತದೆ ಎಂದು ಕಾಣುವ ಜಾಗ. ಆಚೆ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲು ಎತ್ತಿ ಕೂಗಿದರು: "ಉಧರ್ ನಕ್ಕೋ ಜಾವ್ ಬಾವಾ, ಖಡ್ಡಾ ಹೈ!" ಹುಡುಗನಿಗೆ ಮಾತು ಅರ್ಥವಾಗಲಿಲ್ಲ, ದನಿ ಅರ್ಥವಾಯಿತು, ನಿಂತ. ಅವನು ನಿಂತಲ್ಲಿಂದ ಎರಡು ಹೆಜ್ಜೆ ಆಚೆ ಮಣ್ಣು ತೆಗೆದ ಗುಂಡಿ, ಆಳ ಎರಡಾಳಿಗಿಂತ ಹೆಚ್ಚು ಎಂದು ಆಮೇಲೆ ಆ ಅಜ್ಜನೇ ಹೇಳಿದರು. ಹೂಳು, ಜೇಡಿಮಣ್ಣು ತೆಗೆದಲ್ಲೆಲ್ಲ ಹೀಗೇ ಗುಂಡಿಗಳು, ನೀರು ತುಂಬಿದ ಮೇಲೆ ಮೇಲಿಂದ ಒಂದೂ ಕಾಣುವುದಿಲ್ಲವಂತೆ. ಅಲ್‌ಹಮ್ದುಲಿಲ್ಲಾಹ್, ಅವತ್ತು ಅವರಿದ್ದರು. ಅಲ್ಲಿ ಬೋರ್ಡ್ ಇಲ್ಲ, ಬೇಲಿ ಇಲ್ಲ. ಮಕ್ಕಳ ಕೈ ಬಿಡಬೇಡಿ, ಅಷ್ಟು ಮಾತ್ರ ನಮ್ಮ ವಿನಂತಿ.

ಆ ಜೇಡಿಮಣ್ಣಿಗೂ ಒಂದು ಕಥೆಯುಂಟು. ಮಾಲೂರು ಎಂದರೆ ಹಂಚು, ಇಟ್ಟಿಗೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚು ನಮ್ಮ ಅಜ್ಜಂದಿರ ಮನೆಗಳ ಮಾಡಿಗೆ ಬಂತು. ಅದೇ 'ಮಂಗಳೂರು ಹಂಚು' ಮಾಲೂರಿನ ಕಾರ್ಖಾನೆಗಳಲ್ಲೂ ತಯಾರಾಗುತ್ತದೆ. ರಸ್ತೆ ಬದಿ ಕೆಂಪು ಹಂಚು ಜೋಡಿಸಿಟ್ಟದ್ದು ನೋಡಿ ಉಮ್ಮ ಒಬ್ಬರು, "ಇದು ನಮ್ಮ ಹಂಚಲ್ವಾ? ಇಲ್ಲಿಗೆ ಯಾವಾಗ ಬಂತು?" ಎಂದು ಕೇಳಿದರು. ಇದೇ ತಾಲೂಕಿನ ಮಾಸ್ತಿ ಎಂಬ ಊರಿನ ಹೆಸರು ಹೊತ್ತ ಮಾಸ್ತಿ ವೆಂಕಟೇಶ ಅಯ್ಯಂಗಾರರನ್ನು ಮಕ್ಕಳು ಪಾಠದಲ್ಲಿ ಓದಿರುತ್ತಾರೆ, 1983ರ ಜ್ಞಾನಪೀಠ ಅವರಿಗೆ ಬಂದದ್ದು. ಟೇಕಲ್ ಕಡೆಯ ಬಂಡೆ ಬೆಟ್ಟಗಳನ್ನು ರೈಲಿನ ಕಿಟಕಿಯಿಂದಲೇ ನೋಡಬಹುದು. ಕಲ್ಲು ಕ್ವಾರಿಯ ಗಾಯಗಳೂ ಅಲ್ಲೇ ಕಾಣುತ್ತವೆ.

ಬೆಟ್ಟ ಹತ್ತಬೇಕೆನ್ನುವವರಿಗೆ ಕೋಲಾರ ಪೇಟೆಗೆ ತಾಗಿಕೊಂಡೇ ಶತಶೃಂಗ ಬೆಟ್ಟ, ಅದರಲ್ಲಿ ಅಂತರಗಂಗೆ. ಬಸವನ ಬಾಯಿಂದ ಬುಗ್ಗೆಯ ನೀರು ಬೀಳುವ ಜಾಗ ದೇವಸ್ಥಾನದ್ದು, ಅದರ ಮರ್ಯಾದೆ ನೋಡಿಕೊಂಡು ಪಕ್ಕದ ದಾರಿಯಲ್ಲಿ ಮೇಲೆ ಹೋದರೆ ಬಂಡೆಗಳ ಸಂದಿನಲ್ಲಿ ಗವಿಗಳು. ಕೋತಿಗಳು ತಿಂಡಿಯ ಚೀಲಕ್ಕೆ ಕೈ ಹಾಕುತ್ತವೆ, ಜೋಪಾನ. ಯುವಕರು ರಾತ್ರಿ ಟ್ರೆಕ್ಕಿಂಗ್ ಎಂದು ಬರುತ್ತಾರೆ. ನಾವು ಫಜ್ರ್ ನಮಾಝ್ ಮುಗಿಸಿ ಹತ್ತಿದೆವು, ಸೂರ್ಯ ಮೇಲೆ ಬರುವಾಗ ಕೆಳಗೆ ಹತ್ತಾರು ಕೆರೆಗಳು ಒಟ್ಟಿಗೇ ಹೊಳೆದವು. ಆ ನೋಟಕ್ಕೆ ಟಿಕೆಟ್ ಇಲ್ಲ. ಹತ್ತಲಾಗದ ಉಮ್ಮಂದಿರನ್ನು ಹಿಂದಿನ ದಿನವೇ ತೇರಹಳ್ಳಿ ಬೆಟ್ಟಕ್ಕೆ ವಾಹನದಲ್ಲೇ ಕರೆದುಕೊಂಡು ಹೋಗಿದ್ದೆವು.

ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು ಕೋಲಾರ ಪೇಟೆಯಲ್ಲಿರುವ ಮಖ್‌ಬರಾ. ಹೈದರ್ ಅಲಿಯ ತಂದೆ ಫತೇ ಮುಹಮ್ಮದರ ಖಬರ್ ಇರುವುದು ಅಲ್ಲಿ. ಹೈದರ್ ಹುಟ್ಟಿದ್ದು ಬಂಗಾರಪೇಟೆ ಬಳಿಯ ಬೂದಿಕೋಟೆಯಲ್ಲಿ. 1763ರಲ್ಲಿ ಮಂಗಳೂರನ್ನು ಹಿಡಿದು, ನಮ್ಮ ಬಂದರಿನಲ್ಲಿ ಹಡಗು ಕಟ್ಟಿಸಿದ ಮನುಷ್ಯ ಸಮುದ್ರವೇ ಇಲ್ಲದ ಈ ಕಲ್ಲುಬೆಟ್ಟಗಳ ನಡುವೆ ಹುಟ್ಟಿದವರು. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿ ಡೇರೆಯಲ್ಲಿ ಅವರು ತೀರಿಕೊಂಡಾಗ ಮಯ್ಯಿತ್ ಅನ್ನು ಮೊದಲು ತಂದದ್ದು ಕೋಲಾರಕ್ಕೆ, ಶ್ರೀರಂಗಪಟ್ಟಣದ ಗುಂಬಝ್‌ಗೆ ಒಯ್ದದ್ದು ಆಮೇಲೆ. ಮಕ್ಕಳಿಗೆ ಸುಲ್ತಾನ್ ಬತ್ತೇರಿ ಗೊತ್ತು, ಗುಂಬಝ್ ಗೊತ್ತು, ಇದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಸರಿಯಾಗಿ ಗೊತ್ತಿರಲಿಲ್ಲ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ನಮ್ಮ ಮೂಡುಬಿದಿರೆಯ 'ಮೂಡು'ವೇ ಇದು. ನಾವು ಪಡುವಣ ಬಾಗಿಲಿನವರು, ಅವರು ಮೂಡಣ ಬಾಗಿಲಿನವರು. 1768ರ ಅಕ್ಟೋಬರ್‌ನಲ್ಲಿ ಇದೇ ಬಂಡೆಗಳ ನಡುವೆ ಹೈದರ್‌ಗೂ ಇಂಗ್ಲಿಷರಿಗೂ ಯುದ್ಧ ನಡೆಯಿತು. ಸೋಲುವ ಹಂತದಲ್ಲಿದ್ದ ಇಂಗ್ಲಿಷ್ ಪಡೆಯ ಒಬ್ಬ ಕ್ಯಾಪ್ಟನ್ ಬಂಡೆ ಹತ್ತಿ "ಸ್ಮಿತ್, ಸ್ಮಿತ್" ಎಂದು ಕೂಗಿಸಿದನಂತೆ. ಕರ್ನಲ್ ಸ್ಮಿತ್‌ನ ದೊಡ್ಡ ಪಡೆ ಬಂತೆಂದು ಎದುರಿನವರು ಗಲಿಬಿಲಿಯಾದರು. ನಮ್ಮ ಹುಡುಗರು ಅಲ್ಲಿ ನಿಂತು "ಸ್ಮಿತ್" ಎಂದು ಕೂಗಿ ಪ್ರತಿಧ್ವನಿ ಪರೀಕ್ಷೆ ಮಾಡಿದ್ದಾಯಿತು. ಊರಿನಲ್ಲಿ ಹೈದರ್ ವಲಿ ದರ್ಗಾ ಇದೆ, ಉರೂಸ್‌ಗೆ ಎಲ್ಲ ಜಾತಿಯವರೂ ಬರುತ್ತಾರೆ. ಝಿಯಾರತ್ ಬಗ್ಗೆ ನಮ್ಮೊಳಗೇ ಎರಡು ಅಭಿಪ್ರಾಯ ಉಂಟು, ಆ ಚರ್ಚೆ ಈ ಪುಟದಲ್ಲಿ ಬೇಡ. ಅಲ್ಲಿಂದ ಆವಣಿ ಬೆಟ್ಟ, ಕುರುಡುಮಲೆ ಎರಡೂ ಹತ್ತಿರ, ಹಳೆ ಶಿಲ್ಪದಲ್ಲಿ ಆಸಕ್ತಿ ಇದ್ದವರು ನೋಡಬಹುದು.

ಊಟದ ಚಿಂತೆ ಬೇಡ. ಕೋಲಾರ, ಮುಳಬಾಗಿಲು ಎರಡೂ ಕಡೆ ಮುಸ್ಲಿಮರ ದೊಡ್ಡ ವಸತಿ ಇದೆ, ಹಲಾಲ್ ಹೊಟೇಲು ಸಿಗುತ್ತದೆ. ಮುಳಬಾಗಿಲು ದೋಸೆ, ಬಂಗಾರಪೇಟೆಯ ಬಿಳಿ ಪಾನಿಪೂರಿ ಮಕ್ಕಳಿಗೆ. ರಾಗಿ ಮುದ್ದೆಯನ್ನು ನುಂಗಬೇಕು, ಜಗಿಯಬಾರದು, ನಮ್ಮವರು ಇದನ್ನು ಎರಡು ದಿನ ಕಳೆದ ಮೇಲೆ ಕಲಿತರು. ನಮಾಝ್ ವಿಷಯದಲ್ಲಿ ಒಂದು ಮಾತು. ಅಲ್ಲಿಯ ಮಸೀದಿಗಳು ಹೆಚ್ಚಾಗಿ ಹನಫಿಯವು, ಅಸರ್ ಬಾಂಗ್ ನಮ್ಮಲ್ಲಿಗಿಂತ ಸುಮಾರು ಒಂದು ಗಂಟೆ ತಡ. ನಾವು ಶಾಫಿಈಗಳು ಪ್ರಯಾಣದಲ್ಲಿ ಜಮ್‌ಅ್, ಖಸ್ರ್ ಮಾಡುವವರಾದ್ದರಿಂದ ತೊಂದರೆ ಆಗಲಿಲ್ಲ, ಆದರೆ ಜಮಾಅತ್ ಸಿಗಬೇಕೆಂದು ಓಡಿದವರು ಅರ್ಧ ಗಂಟೆ ಮಸೀದಿ ಮೆಟ್ಟಿಲಲ್ಲಿ ಕಾದರು. ಹೆಂಗಸರಿಗೆ ಬಾತ್‌ರೂಮ್ ವ್ಯವಸ್ಥೆ ಕೆರೆ, ಬೆಟ್ಟಗಳ ಬಳಿ ಇಲ್ಲವೆಂದೇ ತಿಳಿಯಿರಿ. ಕೋಲಾರ ಪೇಟೆಯಲ್ಲಿ ರೂಮು ಮಾಡಿ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದು, ಮತ್ತೆ ಸಂಜೆ ಹೋಗುವುದು ನಮಗೆ ಸರಿಹೋಯಿತು.

ರೈಲಿನಲ್ಲಿ ಹೋಗುವವರಿಗೆ ಬೆಂಗಳೂರಿನಿಂದ ಮಾಲೂರು, ಟೇಕಲ್, ಬಂಗಾರಪೇಟೆ ಒಂದೇ ಸಾಲಿನಲ್ಲಿವೆ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ ಹಾದು ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಸಾಲು.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಮಳೆ ಮುಗಿದು ಕೆರೆಯಲ್ಲಿ ನೀರಿರುತ್ತದೆ, ಹವೆ ತಂಪು. 2021ರ ನವೆಂಬರ್‌ನಲ್ಲಂತೂ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಹರಿದು, ಊರ ಜನರೆಲ್ಲ ನೋಡಲು ನಿಂತಿದ್ದರು. ಏಪ್ರಿಲ್ ಬಿಸಿಲಿಗೆ ಹೋಗಬೇಡಿ. ಮೇ ಕೊನೆಗೆ ಹೋಗುವುದಾದರೆ ಅದು ಶ್ರೀನಿವಾಸಪುರದ ಮಾವಿಗೆ. ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ, ತಾಲೂಕು ತುಂಬ ತೋಟ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆದಾಗ ಇಲ್ಲಿನ ಬೆಳೆಗಾರರು ಬೆಲೆಯಿಲ್ಲದೆ ಒದ್ದಾಡಿದ್ದನ್ನು ಪೇಪರಿನಲ್ಲಿ ಓದಿದ್ದೇವೆ. ಹಣ್ಣನ್ನು ತೋಟದವರ ಕೈಯಿಂದಲೇ ಕೊಂಡರೆ ಅವರಿಗೂ ನಾಲ್ಕು ಕಾಸು.

ಇನ್‌ಶಾ ಅಲ್ಲಾಹ್, ಬರುವ ಮೇ ತಿಂಗಳಿಗೆ ಮತ್ತೊಮ್ಮೆ ಹೋಗುವ ಮಾತಾಗಿದೆ. "ಬರಗಾಲದ ಊರಲ್ವಾ" ಎಂದಿದ್ದ ಹಿರಿಯರು ಈಗಲೇ ಕಿಟಕಿ ಬದಿಯ ಸೀಟು ಹೇಳಿಟ್ಟಿದ್ದಾರೆ.