ಕೇಕ್ ಮಿಕ್ಸರ್ ಕೊಳ್ಳುವ ಮೊದಲು

ಈಗ ನಮ್ಮ ಮೊಹಲ್ಲಾಗಳಲ್ಲಿ ಮದುವೆಗೋ ಪೆರ್ನಾಳಿಗೋ ಕೇಕ್ ಬೇಕಾದರೆ ಬೇಕರಿಗೇ ಹೋಗಬೇಕೆಂದಿಲ್ಲ. ಪಕ್ಕದ ಮನೆಯ ಹೆಣ್ಮಕ್ಕಳೇ ಮಾಡಿ ಕೊಡುತ್ತಾರೆ. ಮನೆಯಲ್ಲೇ ಇದ್ದು ನಾಲ್ಕು ಕಾಸು ಸಂಪಾದಿಸುವ ಈ ಹಲಾಲ್ ದಾರಿ ಸಂತೋಷದ್ದೇ. ಆದರೆ ನಾಲ್ಕು ಆರ್ಡರ್ ಬಂದ ಕೂಡಲೇ ದೊಡ್ಡ ಸ್ಟ್ಯಾಂಡ್ ಮಿಕ್ಸರ್ ಬೇಕು ಅನ್ನಿಸುತ್ತದೆ. ಅಲ್ಲಿ ಸ್ವಲ್ಪ ಯೋಚಿಸೋಣ.

ಮೊದಲು, ನಾವು ಮಾಡುವುದೇನು? ಒಂದೆರಡು ಕಿಲೋದ ಸ್ಪಂಜ್ ಕೇಕ್, ಕ್ರೀಮ್ ಆದರೆ ಕೈಯಲ್ಲಿ ಹಿಡಿಯುವ ಬೀಟರೇ ಸಾಕು. 2,000 ರೂಪಾಯಿಯೊಳಗೆ ಸಿಗುತ್ತದೆ. ಬನ್, ಬ್ರೆಡ್ಡಿನ ಹಿಟ್ಟು ದಿನಾ ನಾದಬೇಕಾದರೆ ಸ್ಟ್ಯಾಂಡ್ ಮಿಕ್ಸರ್ ಬೇಕು. ಇದು ತಿಳಿಯದೆ ನಮ್ಮ ಮನೆಯಲ್ಲಿ ಬೀಟರಿನಲ್ಲೇ ಬನ್ ಹಿಟ್ಟು ನಾದಲು ಹೋಗಿ, ಸುಟ್ಟ ವಾಸನೆ ಬಂದು ಅದರ ಆಯುಷ್ಯವೇ ಮುಗಿಯಿತು.

ಅಂಗಡಿಯಲ್ಲಿ ವ್ಯಾಟ್ ನೋಡಿ ಮರುಳಾಗಬೇಡಿ. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ಎಳೆಯುತ್ತದೆ ಎಂದು, ಎಷ್ಟು ಹಿಟ್ಟು ನಾದುತ್ತದೆ ಎಂದಲ್ಲ. 5 ಲೀಟರ್ ಪಾತ್ರೆ ಇದ್ದರೆ 5 ಕಿಲೋ ಹಿಟ್ಟು ಹಾಕಬಹುದು ಎಂದೂ ಅಲ್ಲ. ಒಂದು ಸಲಕ್ಕೆ ಎಷ್ಟು ಮೈದಾ, ಎಷ್ಟು ನಿಮಿಷ ನಿಲ್ಲಿಸದೆ ಓಡಿಸಬಹುದು ಎಂದು ಜೊತೆಗೆ ಕೊಡುವ ಪುಸ್ತಕದಲ್ಲಿ ಓದಿ. ಹಿಟ್ಟಿಗೆ ಕೊಕ್ಕೆ, ಕ್ರೀಮಿಗೆ ತಂತಿಯ ವಿಸ್ಕ್, ಬೆಣ್ಣೆ-ಸಕ್ಕರೆಗೆ ಚಪ್ಪಟೆ ಬೀಟರ್, ಈ ಮೂರೂ ಇರಲಿ. ಹಿಟ್ಟನ್ನು ಕಡಿಮೆ ವೇಗದಲ್ಲೇ ನಾದಿ. ರಿಪೇರಿ ನಮ್ಮ ಊರಲ್ಲೇ ಆಗುತ್ತದೋ ಅದನ್ನೂ ಕೇಳಿ.

ಗಲ್ಫಿನಿಂದ ತರಿಸುವವರು ಮಿಕ್ಸರಿನ ಅಡಿಯಲ್ಲಿರುವ ಪಟ್ಟಿ ನೋಡಲು ಹೇಳಿ: 220-240 ವೋಲ್ಟ್, 50 ಹರ್ಟ್ಜ್ ಎಂದಿರಬೇಕು. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೋ ಎಂದೂ ವಿಚಾರಿಸಲಿ.

ಇನ್ನು ದುಡ್ಡಿನ ಮಾತು. ‘ನೋ ಕಾಸ್ಟ್ ಇಎಂಐ’ ಅನ್ನುತ್ತಾರೆ. ಎಷ್ಟೋ ಕಡೆ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟು ಮೊತ್ತವನ್ನು ಬೆಲೆಯಲ್ಲಿ ಇಳಿಸಿ ತೋರಿಸುತ್ತಾರೆ, ಅಷ್ಟೆ. ಕಂತು ತಪ್ಪಿದರೆ ದಂಡ ಬೇರೆ. ಬಡ್ಡಿ ಹರಾಂ ಎಂದು ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಕಾಗದ ಓದಿ, ಸಂಶಯವಿದ್ದರೆ ಸಹಿ ಹಾಕುವ ಮೊದಲು ನಿಮ್ಮ ಖತೀಬರಲ್ಲಿ ಕೇಳಿ.

ಬೇರೆ ದಾರಿ ಇದೆ. ಒಂದೊಂದು ಕೇಕಿನ ಲಾಭದಲ್ಲಿ 100 ರೂಪಾಯಿ ಡಬ್ಬಿಗೆ ಹಾಕಿದರೆ 80 ಕೇಕಿಗೆ 8,000 ಆಗುತ್ತದೆ. ಮನೆಬಳಕೆಯ ಸ್ಟ್ಯಾಂಡ್ ಮಿಕ್ಸರಿಗೆ ಹೆಚ್ಚುಕಮ್ಮಿ ಅಷ್ಟು ಸಾಕು. 80 ಕೇಕ್ ಆಗುವಷ್ಟರಲ್ಲಿ ಅದು ನಮಗೆ ನಿಜವಾಗಿ ಬೇಕೋ ಬೇಡವೋ ಎಂಬುದೂ ತಿಳಿದಿರುತ್ತದೆ. ಸಾಲವಿಲ್ಲದ ಮಿಕ್ಸರಿನ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ ನೀಡಲಿ.