ತೋಟದ ಎತ್ತರ ಮತ್ತು ಉಷ್ಣಾಂಶ: ಒಂದು ತ್ರೈರಾಶಿ ಲೆಕ್ಕ

ಘಟ್ಟ ಹತ್ತಿದಂತೆ ತಂಪು ಹೆಚ್ಚುತ್ತದೆಂಬುದು ನಮ್ಮ ಬೆಳೆಗಾರರಿಗೆ ಹೊಸ ಮಾತಲ್ಲ. ಆದರೆ ಎಷ್ಟು ಎತ್ತರಕ್ಕೆ ಎಷ್ಟು ಡಿಗ್ರಿ ಎಂದು ತಿಳಿದಿದ್ದರೆ, ಗುಡ್ಡದ ಮೇಲಿನ ತಾಕಿನಲ್ಲಿ ಯಾವ ಗಿಡ ನೆಡಬೇಕೆಂಬ ಯೋಚನೆಗೆ ಆಧಾರ ಸಿಗುತ್ತದೆ. ಕಾಫಿ, ಅಡಿಕೆ ಒಮ್ಮೆ ನೆಟ್ಟರೆ ಹತ್ತಾರು ವರ್ಷ ನಿಲ್ಲುವ ಬೆಳೆಗಳು. ಆಯ್ಕೆ ತಪ್ಪಿದರೆ ಮರುವರ್ಷವೇ ತಿದ್ದಿಕೊಳ್ಳಲು ಬರುವುದಿಲ್ಲ.

ಬಿಸಿಲು ಮೊದಲು ನೆಲವನ್ನು ಕಾಯಿಸುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ಕಾದ ಗಾಳಿ ಮೇಲೇರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಹೀಗೆ ಇಳಿಯುವ ಉಷ್ಣಾಂಶ ಸರಾಸರಿ 1,000 ಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್. ಅಡಿಯ ಲೆಕ್ಕದಲ್ಲಿ, 1,000 ಅಡಿಗೆ ಸುಮಾರು 2 ಡಿಗ್ರಿ.

ಮುಂದಿನದು ಶಾಲೆಯಲ್ಲಿ ಕಲಿತ ತ್ರೈರಾಶಿಯೇ. ಮನೆ 2,500 ಅಡಿ ಎತ್ತರದಲ್ಲಿದ್ದು, ಅಲ್ಲಿ ಮಧ್ಯಾಹ್ನ 30 ಡಿಗ್ರಿ ಇದೆ ಎನ್ನೋಣ. ಮೇಲಿನ ತಾಕು 3,200 ಅಡಿಯಲ್ಲಿದೆ. ಅಂತರ 700 ಅಡಿ.

1,000 ಅಡಿಗೆ 2 ಡಿಗ್ರಿಯಾದರೆ, 700 ಅಡಿಗೆ ಎಷ್ಟು?
700 × 2 ÷ 1,000 = 1.4 ಡಿಗ್ರಿ.

ಅಂದರೆ ಮೇಲಿನ ತಾಕಿನಲ್ಲಿ ಸುಮಾರು 28.6 ಡಿಗ್ರಿ. ಈ ಲೆಕ್ಕ ಹೊಂದುವುದು ಎತ್ತರದ ಅಂತರಕ್ಕೂ ಉಷ್ಣಾಂಶದ ಅಂತರಕ್ಕೂ ಮಾತ್ರ. ಎತ್ತರ ಇಮ್ಮಡಿಯಾದರೆ ಉಷ್ಣಾಂಶ ಅರ್ಧವಾಗುತ್ತದೆಂದು ಭಾವಿಸಬಾರದು.

ಅರೇಬಿಕಾಕ್ಕೆ 1,000ದಿಂದ 1,500 ಮೀಟರ್, ರೊಬಸ್ಟಾಕ್ಕೆ 500ರಿಂದ 1,000 ಮೀಟರ್ ಎತ್ತರ ಹಿತವೆನ್ನುತ್ತಾರೆ. ಈ ಎರಡರ ನಡುಮಟ್ಟಗಳ ಅಂತರ 500 ಮೀಟರ್, ತ್ರೈರಾಶಿಯಂತೆ 3.25 ಡಿಗ್ರಿ. ಇಷ್ಟು ಸಣ್ಣ ಅಂತರವೇ ಬೆಳೆಯ ಆಯ್ಕೆಯನ್ನು ಬದಲಿಸುತ್ತದೆ. 1,000 ಮೀಟರಿನಿಂದ ಮೇಲೆ ಅಡಿಕೆಯೂ ಚೆನ್ನಾಗಿ ಬರುವುದಿಲ್ಲ.

ಆದರೆ 2 ಡಿಗ್ರಿ ಎಂಬುದು ಸರಾಸರಿ ಮಾತ್ರ. ಮಳೆಗಾಲದಲ್ಲಿ ಮೋಡ ಮುಸುಕಿದಾಗ 1,000 ಅಡಿಗೆ ಒಂದೂವರೆ ಡಿಗ್ರಿಯಷ್ಟೇ ಇಳಿಯಬಹುದು. ಬೇಸಗೆಯ ಒಣ ಮಧ್ಯಾಹ್ನ 3 ಡಿಗ್ರಿ ಮುಟ್ಟಬಹುದು. ಚಳಿಗಾಲದ ಶುಭ್ರ ರಾತ್ರಿ ಗಾಳಿಯಾಡದಿದ್ದರೆ ಲೆಕ್ಕವೇ ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ನಿಲ್ಲುವುದರಿಂದ, ಆಗ ತಗ್ಗಿನ ತಾಕಿಗೇ ಚಳಿ ಹೆಚ್ಚು.

ಆದ್ದರಿಂದ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ತಂದು, ಮೊದಲು ಒಂದೇ ಕಡೆ ಇಟ್ಟು ಹೋಲಿಸಿ ನೋಡಿ. ಬಳಿಕ ಮೇಲೊಂದು, ಕೆಳಗೊಂದು, ನೆರಳಿನಲ್ಲಿ ಗಾಳಿಯಾಡುವಂತೆ ಆಳೆತ್ತರಕ್ಕೆ ತೂಗುಹಾಕಿ, ಒಂದೇ ಹೊತ್ತಿಗೆ ಓದಿ ಬರೆದಿಡಿ. ತಿಂಗಳ ಸರಾಸರಿಯಲ್ಲಿ 700 ಅಡಿಗೆ 1.75 ಡಿಗ್ರಿ ಅಂತರ ಬಂದರೆ, 1,000 × 1.75 ÷ 700 = 2.5. ಆ ತಿಂಗಳಿಗೆ, ಆ ಹೊತ್ತಿಗೆ ಅದೇ ನಿಮ್ಮ ತೋಟದ ದರ. ವರ್ಷದ ಎಲ್ಲ ಕಾಲದ ದರಗಳನ್ನು ಹೀಗೆ ಬರೆದಿಟ್ಟುಕೊಂಡು, ಆಮೇಲೆ ಗಿಡ ನೆಡುವ ತೀರ್ಮಾನಕ್ಕೆ ಬರುವುದು ಒಳ್ಳೆಯದು.