ನಿಮಗಿದು ಗೊತ್ತೆ? ಸಿಸೇರಿಯನ್ ವೇಳೆಯಲ್ಲಿ ಗರ್ಭಕೋಶದ ಗಡ್ಡೆ
ಗರ್ಭಕೋಶದ ಭಿತ್ತಿಯಲ್ಲಿ ಬೆಳೆಯುವ, ಬಹುಮಟ್ಟಿಗೆ ನಿರಪಾಯಕರವಾದ ಫೈಬ್ರಾಯ್ಡ್ ಗಡ್ಡೆಯನ್ನು ಸಿಸೇರಿಯನ್ ಸಮಯದಲ್ಲಿ ಮುಟ್ಟಲಾಗದು, ತೊಟ್ಟಿನಿಂದ ಜೋತಿದ್ದರೆ ಮಾತ್ರ ಕತ್ತರಿಸಬಹುದು ಎಂಬುದು ಪ್ರಸೂತಿಶಾಸ್ತ್ರದ ಹಿರಿಯರು ದೀರ್ಘಕಾಲ ಬೋಧಿಸಿದ ನಿಯಮ. ಆ ಭಯ ನಿರಾಧಾರವಾದುದಲ್ಲ: ದಿನ ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಸುಮಾರು 500ರಿಂದ 700 ಮಿಲಿಲೀಟರು ರಕ್ತ ಹರಿಯುತ್ತಿರುವಾಗ, ಗಡ್ಡೆ ಬಿಡಿಸಿದ ಗುಳಿಯಿಂದ ಒಸರುವ ನೆತ್ತರು ಒಡನೆ ನಿಲ್ಲದಿದ್ದರೆ ತಾಯಿಯ ಪ್ರಾಣಕ್ಕೇ ಸಂಚಕಾರ. ಆದರೆ ಶಿಶು ಹೊರಬಂದ ಮೇಲೆ ಗರ್ಭಕೋಶವು ಸಂಕುಚಿತವಾಗಿ ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುವುದರಿಂದಲೂ, ಆಕ್ಸಿಟೋಸಿನ್ ಔಷಧ ಮತ್ತು ಪದರಪದರವಾಗಿ ಹಾಕುವ ಹೊಲಿಗೆಗಳು ಆ ಕ್ರಿಯೆಗೆ ಒತ್ತಾಸೆಯಾಗುವುದರಿಂದಲೂ, ಪಳಗಿದ ಕೈ ಮತ್ತು ಸಿದ್ಧವಾದ ರಕ್ತಸಂಗ್ರಹವುಳ್ಳ ಆಸ್ಪತ್ರೆಗಳಲ್ಲಿ, ವಿವೇಚಿಸಿ ಆಯ್ದ ಸ್ತ್ರೀಯರಲ್ಲಿ, ಸಿಸೇರಿಯನ್ ವೇಳೆಯಲ್ಲೇ ಗಡ್ಡೆ ತೆಗೆಯುವ ಈ ಚಿಕಿತ್ಸೆ ಸುರಕ್ಷಿತವೆಂದು ಈಚಿನ ದಶಕಗಳ ಅನೇಕ ಅಧ್ಯಯನಗಳು ತೋರಿಸಿವೆ. ರಕ್ತಸ್ರಾವ ತುಸು ಹೆಚ್ಚುವುದುಂಟು, ಶಸ್ತ್ರಕ್ರಿಯೆಯ ಅವಧಿಯೂ ದೀರ್ಘವಾಗುವುದುಂಟು. ಎರಡನೆಯ ಶಸ್ತ್ರಕ್ರಿಯೆ ತಪ್ಪುವುದೇ ಇದರ ದೊಡ್ಡ ಲಾಭ. ಭಿತ್ತಿಯ ಆಳದಲ್ಲಿ ಹುದುಗಿ, ದೊಡ್ಡ ರಕ್ತನಾಳಗಳಿಗೆ ಸಮೀಪವಾಗಿರುವ ಗಡ್ಡೆಯನ್ನು ಕೆಣಕದಿರುವುದೇ ವಿವೇಕ. ಹೆರಿಗೆಯ ತರುವಾಯ ಎಷ್ಟೋ ಗಡ್ಡೆಗಳು ತಾವಾಗಿಯೇ ಕುಗ್ಗುತ್ತವೆ. ಗಡ್ಡೆಯಿದೆಯೆಂದು ತಿಳಿದ ಗರ್ಭಿಣಿಯರು ಈ ವಿಷಯವನ್ನು ಹೆರಿಗೆಗೆ ಮುನ್ನವೇ ತಮ್ಮ ವೈದ್ಯರೊಡನೆ ನಿಸ್ಸಂಕೋಚವಾಗಿ ಕೇಳಿ ತಿಳಿದುಕೊಳ್ಳಬೇಕು.